ಇವರನ್ನು ಕಟ್ಟಿಕೊಂಡು

ಮನೆ ಕಟ್ಟುತ್ತೇವೆ, ಹಸು ಕಟ್ಟುತ್ತೇವೆ, ಕರೆಂಟ್ ಬಿಲ್ ಕಟ್ಟುತ್ತೇವೆ. ನೆಗಡಿಯಾದರೆ ಮೂಗು ತಾನಾಗಿಯೇ ಕಟ್ಟುತ್ತದೆ. ‘ಕಟ್ಟು’ ಎಂಬ ಕ್ರಿಯಾಪದಕ್ಕೆ ನಾವು ಬಿಡುವನ್ನೇ ಕೊಟ್ಟಿಲ್ಲ. ಈಗ ಅದರ ತಲೆಗೆ ‘ತಂಡ ಕಟ್ಟುವುದು’, ಅಂದರೆ ಟೀಮ್ ಬಿಲ್ಡಿಂಗೂ ಬಿದ್ದಿದೆ.

ಇಂದಿರಾನಗರದ ಆಫೀಸೊಂದರಲ್ಲಿದ್ದಾಗ ಒಂದು ಶನಿವಾರ ನಮ್ಮನ್ನೂ ಕಟ್ಟಲು ಕರೆದೊಯ್ದರು. ಮನೆ ಕಟ್ಟಿದಂತೆ ಕಟ್ಟುತ್ತಾರೆ ಅಂದುಕೊಂಡಿದ್ದೆ, ನಡೆದದ್ದು ಹಸು ಕಟ್ಟಿದ ಹಾಗೆ. ಮೊದಲ ಆಟಕ್ಕೆ ಕಣ್ಣಿಗೆ ಬಟ್ಟೆ ಕಟ್ಟಿದರು. ಎರಡನೆಯದಕ್ಕೆ ನನ್ನ ಎಡಗಾಲನ್ನು ಅಕೌಂಟ್ಸ್ ವಿಭಾಗದವರೊಬ್ಬರ ಬಲಗಾಲಿಗೆ ಕಟ್ಟಿ ಓಡಿ ಅಂದರು. ನಾಲ್ಕು ಹೆಜ್ಜೆಗೆ ಇಬ್ಬರೂ ಹುಲ್ಲಿನ ಮೇಲೆ. ಬಿದ್ದಲ್ಲಿಂದಲೇ ಅವರು ಹೇಳಿದರು: “ಸಾರ್, ನಿಮ್ಮ ಬಿಲ್ಲಿಗೆ ಆಟೋ ರಸೀದಿ ಇಟ್ಟಿಲ್ಲ.”

ಇಂಗ್ಲಿಷಿನ ‘ಟೀಮ್’ ಕೂಡ ಹಿಂದೆ ಗಾಡಿಗೋ ನೇಗಿಲಿಗೋ ಜೊತೆಯಾಗಿ ಕಟ್ಟಿದ ಎತ್ತು, ಕುದುರೆಗಳಿಗೆ ಹೇಳುತ್ತಿದ್ದ ಮಾತು. ಆದರೆ ಎತ್ತುಗಳು ಹೊಂದಿಕೊಳ್ಳುವುದು ಉಳುತ್ತ ಉಳುತ್ತ. ರಜೆಯ ದಿನ ಯಾರೂ ಅವುಗಳಿಂದ ಬಲೂನು ಒಡೆಸುವುದಿಲ್ಲ.

ತಂಡ ದೊಡ್ಡದಾದರೆ ದಂಡು. ಬೆಂಗಳೂರಿನ ಕಂಟೋನ್ಮೆಂಟಿಗೆ ಕನ್ನಡದಲ್ಲಿ ಅದೇ ಹೆಸರು. ಶ್ರೀರಂಗಪಟ್ಟಣದ ಹವೆ ಒಗ್ಗದ ಬ್ರಿಟಿಷ್ ಪಡೆ 1809ರಲ್ಲಿ ಹಲಸೂರಿನ ಮಗ್ಗುಲಿಗೆ ಬಂದು ಬೀಡುಬಿಟ್ಟಿತು. ಮದುವೆಗೆ ಹತ್ತು ಜನರೊಡನೆ ಬಂದವನನ್ನು ‘ದಂಡು ಕಟ್ಟಿಕೊಂಡು ಬಂದ’ ಎಂದು ಆಡಿಕೊಳ್ಳುತ್ತೇವಲ್ಲ, ಆ ‘ಕೊಂಡು’ ಸೇರಿದ ತಕ್ಷಣ ಪದಕ್ಕೆ ಹೊರೆಯ ಭಾರ ಬಂದುಬಿಡುತ್ತದೆ. ನಮ್ಮ ಮ್ಯಾನೇಜರು ಸೋಮವಾರ ಬೆಳಿಗ್ಗೆ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದರು: “ಇವರನ್ನ ಕಟ್ಕೊಂಡು ನಾನೇನ್ ಮಾಡ್ಲಿ?” ಶನಿವಾರ ಕಟ್ಟಿದ್ದು ಸೋಮವಾರಕ್ಕೆ ಕಟ್ಟಿಕೊಂಡದ್ದಾಗಿತ್ತು!

ಅದೇ ಸಂಜೆ ಶಿವಾಜಿನಗರದಲ್ಲಿ ರಸೆಲ್ ಮಾರ್ಕೆಟ್ಟಿನ ಹೊರಗೆ ಹೂವಿಗೆ ನಿಂತೆ. (ಹೂ ಕಟ್ಟುವುದನ್ನು ಮೊದಲೇ ಹೇಳಬೇಕಿತ್ತು, ಮರೆತೆ.) ಅಕ್ಕಪಕ್ಕ ಇಬ್ಬರು ಹೆಂಗಸರು. ಎರಡು ಮೊಗ್ಗು ಅತ್ತ, ಎರಡು ಇತ್ತ, ಬೆರಳಲ್ಲಿ ದಾರ ಸುತ್ತಿ ಒಂದು ಗಂಟು. ಮತ್ತೆ ಎರಡು ಅತ್ತ. ಒಬ್ಬರು ಟೀ ಕುಡಿಯಲು ಎದ್ದರು. ಇನ್ನೊಬ್ಬರು ಮಾತಿಲ್ಲದೆ ಆ ಬುಟ್ಟಿಯನ್ನೂ ತಮ್ಮ ಕಡೆಗೆ ಎಳೆದುಕೊಂಡರು.

“ಎರಡು ಮೊಳ ಕೊಡಿ ಅಕ್ಕ,” ಅಂದೆ.

ತಮ್ಮ ಮುಂದಿನ ಹಾರ ಬಿಟ್ಟು ಎಳೆದುಕೊಂಡ ಬುಟ್ಟಿಗೆ ಕೈ ಹಾಕಿದರು. “ಅವಳದ್ದು ಕೊಡ್ತೀನಿ. ಇನ್ನೂ ಬೋಣಿ ಆಗಿಲ್ಲ.”