ಒಂದೂವರೆ ಮನುಷ್ಯರ ಲೆಕ್ಕ

ಬೌದ್ಧ ಧರ್ಮದ ಮಾತು ಬಂದಾಗಲೆಲ್ಲ ಒಂದು ಪ್ರಶ್ನೆ ಎದುರಾಗುತ್ತೆ. ಅಹಿಂಸೆ ಸರಿ, ಆದರೆ ಯಾರಾದರೂ ಹೊಡೆಯೋಕೆ ಬಂದರೆ ಸುಮ್ಮನೆ ಕೂತಿರಬೇಕಾ? ಇವತ್ತು ಅದನ್ನೇ ನೋಡೋಣ.

ಮೊದಲು ವಿನಯಪಿಟಕ. ಭಿಕ್ಷುಗಳು ಹೇಗೆ ನಡೆದುಕೊಳ್ಳಬೇಕು ಅನ್ನುವ ನಿಯಮಗಳ ಪುಸ್ತಕ ಇದು. ಮನುಷ್ಯನನ್ನು ಬೇಕೆಂದೇ ಕೊಂದ ಭಿಕ್ಷುವಿಗೆ ಸಂಘದಲ್ಲಿ ಜಾಗ ಇಲ್ಲ, ವಾಪಸ್ ಬರುವ ದಾರಿಯೂ ಇಲ್ಲ. ಸಿಟ್ಟಿನಿಂದ ಇನ್ನೊಬ್ಬ ಭಿಕ್ಷುವಿಗೆ ಒಂದೇಟು ಹೊಡೆದರೂ ತಪ್ಪೇ. ಆದರೆ ಈ ಎರಡನೇ ನಿಯಮಕ್ಕೆ ಒಂದು ವಿನಾಯಿತಿ ಇದೆ. ಇಕ್ಕಟ್ಟಿಗೆ ಸಿಕ್ಕಿಬಿದ್ದವನು ಬಿಡಿಸಿಕೊಳ್ಳಬೇಕು ಅನ್ನುವ ಉದ್ದೇಶದಿಂದ ಹೊಡೆದರೆ ಅದು ತಪ್ಪಲ್ಲ. ಅಂದರೆ ಏಟು ಒಂದೇ, ಉದ್ದೇಶ ಬೇರೆ. ತಪ್ಪಿಸಿಕೊಳ್ಳೋಕೆ ಹೊಡೆಯಬಹುದು, ಸೇಡು ತೀರಿಸೋಕೆ ಹೊಡೆಯುವಂತಿಲ್ಲ.

ಹಾಗಾದರೆ ಸೈನಿಕನ ಕಥೆ ಏನು? ಸಂಯುತ್ತ ನಿಕಾಯದಲ್ಲಿ ಒಂದು ಪ್ರಸಂಗ ಬರುತ್ತೆ. ಯೋಧರ ಮುಖಂಡನೊಬ್ಬ ಬುದ್ಧನ ಹತ್ತಿರ ಬಂದು, ಯುದ್ಧದಲ್ಲಿ ಹೋರಾಡಿ ಸತ್ತವನು ದೇವಲೋಕಕ್ಕೆ ಹೋಗ್ತಾನೆ ಅಂತ ನಮ್ಮ ಹಳೆಯ ಗುರುಗಳು ಹೇಳಿದ್ದಾರೆ, ನಿಜವಾ ಅಂತ ಕೇಳ್ತಾನೆ. ಈ ನಂಬಿಕೆ ನಮಗೇನೂ ಹೊಸದಲ್ಲ. ನಮ್ಮ ಊರುಗಳ ವೀರಗಲ್ಲು ನೋಡಿ: ಕೆಳಗೆ ಯುದ್ಧ, ಅದರ ಮೇಲೆ ವೀರನನ್ನು ಕರೆದೊಯ್ಯುವ ಅಪ್ಸರೆಯರು. ಬುದ್ಧ ಎರಡು ಸಲ, ಅದನ್ನು ಕೇಳಬೇಡ ಅಂತಾನೆ. ಮೂರನೇ ಸಲ ಕೇಳಿದಾಗ, ಇವರು ಸಾಯಲಿ ಅಂತ ಬಯಸುತ್ತಾ ಸತ್ತವನಿಗೆ ಸಿಗೋದು ನರಕ ಅಂದುಬಿಡ್ತಾನೆ. ಆ ಮುಖಂಡ ಅಳ್ತಾನೆ. ಯಾಕೆ ಗೊತ್ತಾ? ಉತ್ತರ ಕಹಿ ಅಂತಲ್ಲ. ಇಷ್ಟು ದಿನ ಗುರುಗಳು ನನಗೆ ಮೋಸ ಮಾಡಿದರಲ್ಲ ಅಂತ.

ಈಗ ಅಶೋಕ. ನಾನು ಕಾಮರ್ಸ್ ಓದಿದವನು, ಶಾಸನ ಓದುವಾಗಲೂ ಕಣ್ಣು ಅಂಕಿಗಳ ಮೇಲೇ ಹೋಗುತ್ತೆ. ಕಳಿಂಗ ಯುದ್ಧದ ಬಗ್ಗೆ ಅವನು ಬರೆಸಿದ 13ನೇ ಶಿಲಾಶಾಸನದಲ್ಲಿ ಅಂಕಿಗಳಿವೆ: ಸೆರೆ ಒಯ್ದವರು ಒಂದೂವರೆ ಲಕ್ಷ, ಕೊಲ್ಲಲ್ಪಟ್ಟವರು ಒಂದು ಲಕ್ಷ, ಬೇರೆ ಬೇರೆ ರೀತಿ ಸತ್ತವರು ಅದಕ್ಕಿಂತ ಎಷ್ಟೋ ಪಟ್ಟು. ಗೆದ್ದ ರಾಜ ಶತ್ರುಗಳ ಹೆಣ ಎಣಿಸಿ, ಇದು ನನಗೆ ನೋವು ಕೊಟ್ಟಿದೆ ಅಂತ ಕಲ್ಲಿನಲ್ಲಿ ಬರೆಸಿದ. ಹಾಗಂತ ಸೈನ್ಯವನ್ನೇನೂ ಬಿಡಲಿಲ್ಲ. ಅದೇ ಶಾಸನದಲ್ಲಿ ಕಾಡಿನ ಜನರಿಗೆ, ಪಶ್ಚಾತ್ತಾಪಪಟ್ಟರೂ ನನಗೆ ಶಕ್ತಿಯಿದೆ ಅಂತ ಎಚ್ಚರಿಕೆಯೂ ಇದೆ. ಇನ್ನೊಂದು ವಿಷಯ: ಕಳಿಂಗದ ಧೌಲಿ, ಜೌಗಡದಲ್ಲಿ ಈ 13ನೇ ಶಾಸನ ಇಲ್ಲ. ಅದರ ಜಾಗದಲ್ಲಿ, ಎಲ್ಲ ಮನುಷ್ಯರೂ ನನ್ನ ಮಕ್ಕಳಿದ್ದ ಹಾಗೆ ಅನ್ನುವ ವಿಶೇಷ ಆಜ್ಞೆಗಳಿವೆ. ಆ ವಿಶೇಷ ಆಜ್ಞೆಗಳೇ ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲೂ ಸಿಕ್ಕಿವೆ, ಕಾಳಿ ಗುಡಿಯ ಮೂರ್ತಿಗೆ ಪೀಠವಾಗಿದ್ದ ಕಲ್ಲಿನ ಮೇಲೆ.

ಈಗ ಎರಡನೇ ಲೆಕ್ಕ. ಇದು ಶ್ರೀಲಂಕಾದ್ದು. ಕ್ರಿ.ಪೂ. 2ನೇ ಶತಮಾನದಲ್ಲಿ ದುಟ್ಠಗಾಮಣಿ ಅನ್ನುವ ರಾಜ, ಅನುರಾಧಪುರ ಆಳುತ್ತಿದ್ದ ತಮಿಳು ರಾಜ ಎಳಾರನನ್ನು ಸೋಲಿಸಿ ಕೊಂದ. ಎಷ್ಟೋ ಶತಮಾನಗಳ ನಂತರ ಭಿಕ್ಷುಗಳು ಬರೆದ ‘ಮಹಾವಂಸ’ದಲ್ಲಿ ಈ ಕಥೆ ಇದೆ. ಅದರ ಪ್ರಕಾರ ಎಳಾರ ನ್ಯಾಯವಂತ, ದುಟ್ಠಗಾಮಣಿಯೂ ಅವನ ಸಮಾಧಿಗೆ ಗೌರವ ಕೊಟ್ಟ. ಗೆದ್ದರೂ ರಾಜನಿಗೆ ನೆಮ್ಮದಿ ಇಲ್ಲ, ಅಷ್ಟು ದೊಡ್ಡ ಸೈನ್ಯ ನನ್ನಿಂದ ಸತ್ತಿತಲ್ಲ ಅಂತ ಕೊರಗುತ್ತಾನೆ. ಆಗ ಎಂಟು ಜನ ಅರಹಂತರು ಬಂದು ಸಮಾಧಾನ ಹೇಳ್ತಾರೆ: ನೀನು ಕೊಂದದ್ದು ಒಂದೂವರೆ ಮನುಷ್ಯರನ್ನು ಮಾತ್ರ. ಒಬ್ಬ ಪಂಚಶೀಲ ಪಾಲಿಸುತ್ತಿದ್ದ, ಅವನದು ಪೂರ್ತಿ ಲೆಕ್ಕ. ಇನ್ನೊಬ್ಬ ತ್ರಿಶರಣ ಮಾತ್ರ ತಗೊಂಡಿದ್ದ, ಅವನು ಅರ್ಧ. ಉಳಿದವರು ನಂಬಿಕೆಯಿಲ್ಲದವರು, ಪಶುಗಳ ಸಮಾನ.

ಸೈನಿಕ ಬುದ್ಧನ ಮುಂದೆ ಯಾಕೆ ಅತ್ತ ಅಂತ ನೆನಪಿದೆ ಅಲ್ವಾ? ಇಲ್ಲಿ ಗುರುಗಳು ಮತ್ತೆ ಅದೇ ಕೆಲಸ ಮಾಡಿದ್ದಾರೆ. ರಾಜನ ಮನಸ್ಸು ಸರಿಯಾಗಿಯೇ ಚುಚ್ಚುತ್ತಿತ್ತು. ಇವರು ಲೆಕ್ಕ ತಿದ್ದಿ ಆ ನೋವನ್ನು ಅಳಿಸಿದರು. ಇದಕ್ಕೂ ಆತ್ಮರಕ್ಷಣೆ ಅಂತಲೇ ಹೆಸರು, ಧರ್ಮದ ರಕ್ಷಣೆ. ಆದರೆ ವಿನಯದ ವಿನಾಯಿತಿ, ಸಿಕ್ಕಿಬಿದ್ದ ಒಬ್ಬ ಮನುಷ್ಯನಿಗೆ ಆ ಒಂದು ಕ್ಷಣಕ್ಕೆ ಸಿಕ್ಕಿದ್ದು. ಅದರಲ್ಲಿ ಎದುರಿಗಿರುವವನು ಮನುಷ್ಯನೇ ಅಲ್ಲ ಅಂತ ಎಲ್ಲೂ ಇಲ್ಲ.

ಹಳೇ ಕಥೆ ತಾನೇ ಅಂತ ಬಿಡೋಕಾಗಲ್ಲ. 2017ರಲ್ಲಿ ಮ್ಯಾನ್ಮಾರ್ ಸೇನೆಯ ಕಾರ್ಯಾಚರಣೆಯಿಂದ 7 ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾ ಮುಸ್ಲಿಮರು ಬಾಂಗ್ಲಾದೇಶಕ್ಕೆ ಓಡಿಹೋದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಆ ದೇಶದ ಬಹಳ ಗೌರವಾನ್ವಿತ ಭಿಕ್ಷು ಸಿತಗು ಸಯಾಡೊ, ಸೇನಾಧಿಕಾರಿಗಳ ಮುಂದೆ ಪ್ರವಚನ ಕೊಟ್ಟರು. ಅವರು ಹೇಳಿದ ಕಥೆ ಇದೇ ದುಟ್ಠಗಾಮಣಿಯದು, ಇದೇ ಒಂದೂವರೆ ಮನುಷ್ಯರ ಲೆಕ್ಕ.

ಹಾಗಾಗಿ ಮೊದಲ ಪ್ರಶ್ನೆಗೆ ನನ್ನ ಉತ್ತರ: ಸುಮ್ಮನೆ ಕೂತಿರಬೇಕಾಗಿಲ್ಲ, ಬಿಡಿಸಿಕೊಳ್ಳಿ. ಆದರೆ ನಮ್ಮ ರಕ್ಷಣೆಗಾಗಿ ಅಂತ ಯಾರಾದರೂ ಹೇಳಿದಾಗ, ಎದುರಿನವರನ್ನು ಅವರು ಎಷ್ಟು ಮನುಷ್ಯರು ಅಂತ ಎಣಿಸುತ್ತಿದ್ದಾರೆ ನೋಡಿ. ಅಶೋಕನೂ ಕೊಂದವನೇ, ಆದರೆ ಎಣಿಸುವಾಗ ಯಾರನ್ನೂ ಬಿಡಲಿಲ್ಲ.