ಪಳಗಿದ ಬಾತು: ತಳಿ, ಮೊದಲ ದಿನ ಮತ್ತು ಆಮೇಲಿನ ವಾರಗಳು

ಮುದ್ದಿಗೆಂದು ಬಾತುಕೋಳಿ ಸಾಕಲು ಹೊರಟವರು ಮೊದಲು ಕೇಳುವುದು ಯಾವ ತಳಿ ಸಾಧು ಎಂದು. ಮಾರುವವರ ಬಾಯಲ್ಲಿ ಉತ್ತರ ಸಿದ್ಧವಿರುತ್ತದೆ: ಬಿಳಿ ಪೆಕಿನ್ ಸಾಧು, ಖಾಕಿ ಕ್ಯಾಂಪ್‌ಬೆಲ್ ಪುಕ್ಕಲು. ಅದರ ಬೆನ್ನಿಗೇ ಇನ್ನೊಂದು ಮಾತೂ ಬರುತ್ತದೆ. ಮೊಟ್ಟೆಯೊಡೆದು ಬಂದ ಮರಿ ಮೊದಲು ಕಂಡವರನ್ನೇ ತಾಯಿ ಎಂದು ನಂಬಿ ಬದುಕಿಡೀ ಹಿಂಬಾಲಿಸುತ್ತದಂತೆ. ಎರಡೂ ಪೂರ್ತಿ ಸುಳ್ಳಲ್ಲ. ಆದರೆ ಬಾತುಮರಿಗಳ ಮೇಲೆ ನಡೆದ ಪ್ರಯೋಗಗಳನ್ನು ಪಕ್ಕದಲ್ಲಿಟ್ಟುಕೊಂಡು ನೋಡಿದರೆ, ಪಳಗಿದ ಬಾತು ಎನ್ನುವಾಗ ನಾವು ಮೂರು ಬೇರೆ ಬೇರೆ ಸಂಗತಿಗಳನ್ನು ಒಂದೇ ಗಂಟಿನಲ್ಲಿ ಕಟ್ಟುತ್ತಿದ್ದೇವೆ ಎಂಬುದು ಗೊತ್ತಾಗುತ್ತದೆ: ತಳಿಯಿಂದ ಬಂದ ಸ್ವಭಾವ, ಹುಟ್ಟಿದ ದಿನ ಮನಸ್ಸಿನಲ್ಲಿ ಬೀಳುವ ಅಚ್ಚು, ಆಮೇಲಿನ ವಾರಗಳಲ್ಲಿ ಕ್ರಮೇಣ ಕಳೆಯುವ ಹೆದರಿಕೆ. ಮನೆಯಲ್ಲಿ ಸಾಕುವವರ ಕೈಯಲ್ಲಿರುವುದು ಈ ಮೂರನೆಯದು ಮಾತ್ರ. ಎರಡನೆಯದು ಹೆಚ್ಚಿನವರಿಗೆ ಸಿಗುವುದೇ ಇಲ್ಲ; ಸಿಕ್ಕರೂ ಅಪೇಕ್ಷಣೀಯವಲ್ಲ ಎಂಬುದು ಈ ಟಿಪ್ಪಣಿಯ ವಾದ.

ತಳಿಯ ವಿಚಾರವನ್ನು ಬೇಗ ಮುಗಿಸಬಹುದು. ಮಸ್ಕವಿಯೊಂದನ್ನು ಬಿಟ್ಟರೆ ಸಾಕು ಬಾತುಗಳೆಲ್ಲ ಮಲ್ಲಾರ್ಡ್ ಎಂಬ ಕಾಡುಬಾತಿನ ಸಂತತಿ. ಮಸ್ಕವಿ ಅಮೆರಿಕ ಖಂಡದ ಬೇರೆ ಪ್ರಭೇದ. ಉಳಿದವುಗಳ ಮೊಟ್ಟೆ 28 ದಿನಕ್ಕೆ ಒಡೆದರೆ ಇದರದಕ್ಕೆ 35 ದಿನ ಕಾವು ಬೇಕು. 1873ರಲ್ಲಿ ಚೀನಾದಿಂದ ಅಮೆರಿಕದ ಲಾಂಗ್ ಐಲೆಂಡಿಗೆ ಬಂದ ಪೆಕಿನ್, ಮಾಂಸಕ್ಕೆಂದು ಬೆಳೆಸಿದ ತಳಿ. ಮೈ ಭಾರ, ಹಾರಲಾಗದು, ಓಡಿದರೆ ಬೇಗ ದಣಿಯುತ್ತದೆ. ಅದರ ಸಾಧುತನದಲ್ಲಿ ಸ್ವಭಾವದ ಪಾಲೆಷ್ಟು, ತೂಕದ ಪಾಲೆಷ್ಟು ಎಂದು ಕೇಳಿಕೊಳ್ಳಬೇಕು. ಖಾಕಿ ಕ್ಯಾಂಪ್‌ಬೆಲ್ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್‌ನಲ್ಲಿ ಅಡೆಲ್ ಕ್ಯಾಂಪ್‌ಬೆಲ್ ಎಂಬಾಕೆ ಮೊಟ್ಟೆಗಾಗಿ ರೂಪಿಸಿದ ತಳಿ. ಅದರಲ್ಲಿ ಇಂಡಿಯನ್ ರನ್ನರ್ ಬಾತಿನ ರಕ್ತವಿದೆ, ರನ್ನರ್‌ನ ಚಡಪಡಿಕೆಯೂ ಇದೆ. (ಹೆಸರಿನಲ್ಲಿ ಇಂಡಿಯನ್ ಇದ್ದರೂ ರನ್ನರ್‌ನ ತವರು ಆಗ್ನೇಯ ಏಷ್ಯಾದ ದ್ವೀಪಗಳು.) ಬೆಂಗಳೂರಿನ ಹೆಸರಘಟ್ಟದಲ್ಲಿರುವ ಕೇಂದ್ರ ಸರ್ಕಾರದ ಕೋಳಿ ಅಭಿವೃದ್ಧಿ ಸಂಸ್ಥೆ ಈ ಖಾಕಿ ತಳಿಯನ್ನೇ ಬೆಳೆಸುತ್ತ ಬಂದದ್ದರಿಂದ ನಮ್ಮಲ್ಲಿ ಅದರ ಹೆಸರು ಹೆಚ್ಚು ಕಿವಿಗೆ ಬೀಳುತ್ತದೆ. ಸಂತೆಯಲ್ಲಿ ಸಿಗುವ ಮರಿಗಳು ಮಾತ್ರ ಬಹುಪಾಲು ಬೆರಕೆ. ಆದ್ದರಿಂದ ತಳಿಯ ಹೆಸರನ್ನು ನೆಚ್ಚಿ ಸ್ವಭಾವವನ್ನು ಊಹಿಸುವುದು ಅಷ್ಟು ಭರವಸೆಯ ದಾರಿಯಲ್ಲ.

ಅಚ್ಚಿನ ವಿಚಾರಕ್ಕೆ ದೊಡ್ಡ ಚರಿತ್ರೆಯಿದೆ. ಮರಿಗಳು ಮೊದಲು ಕಂಡ ಚಲಿಸುವ ವಸ್ತುವಿನ ಬೆನ್ನು ಹತ್ತುವುದನ್ನು ಡಗ್ಲಸ್ ಸ್ಪಾಲ್ಡಿಂಗ್ 1873ರಲ್ಲಿ ಕೋಳಿಮರಿಗಳಲ್ಲಿ ಗಮನಿಸಿ ಬರೆದ. ಜರ್ಮನಿಯ ಆಸ್ಕರ್ ಹೈನ್‌ರೋತ್ ಕಾವುಯಂತ್ರದಲ್ಲಿ ಹುಟ್ಟಿದ ಹೆಬ್ಬಾತುಗಳಲ್ಲಿ ಅದನ್ನೇ ಕಂಡ. ಅವನನ್ನು ಗುರುವೆಂದುಕೊಂಡ ಕಾನ್ರಾಡ್ ಲಾರೆಂಜ್ 1935ರ ದೀರ್ಘ ಪ್ರಬಂಧದಲ್ಲಿ ಅದಕ್ಕೊಂದು ಸಿದ್ಧಾಂತ ಕಟ್ಟಿದ. 1973ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡ ಮೂವರಲ್ಲಿ ಅವನೊಬ್ಬ. ಲಾರೆಂಜ್ ಎಂದರೆ ಜನಕ್ಕೆ ನೆನಪಾಗುವುದು ಅವನ ಹಿಂದೆ ಸಾಲುಗಟ್ಟಿದ ಹೆಬ್ಬಾತುಮರಿಗಳ ಚಿತ್ರ. ಬಾತು ಸಾಕುವವರಿಗೆ ಬೇಕಾದ ಪಾಠ ಮಾತ್ರ ಅವನ ಮಲ್ಲಾರ್ಡ್ ಮರಿಗಳಲ್ಲಿದೆ. ಹೆಬ್ಬಾತಿನ ಮರಿಗಳು ಸುಮ್ಮನೆ ನಡೆದು ಹೋಗುವ ಮನುಷ್ಯನನ್ನೂ ಹಿಂಬಾಲಿಸಿದವು. ಮಲ್ಲಾರ್ಡ್ ಮರಿಗಳು ಹೆದರಿ ಓಡಿದವು. ಅವನು ತಾಯಿಬಾತಿನಂತೆ ಕ್ವಾಕ್ ಕ್ವಾಕ್ ಎನ್ನುತ್ತ ಹುಲ್ಲಿನಲ್ಲಿ ಕುಕ್ಕರಗಾಲಿನಲ್ಲಿ ತೆವಳಿದಾಗಲೇ ಅವು ಹಿಂದೆ ಬಂದದ್ದು. ದನಿ ನಿಲ್ಲಿಸಿದರೆ ಮರಿಗಳು ಕತ್ತು ಚಾಚಿ ಅಳುತ್ತಿದ್ದವು, ಎದ್ದು ನಿಂತರೂ ಅಷ್ಟೇ. ಬೇಲಿಯಾಚೆ ನಿಂತವರಿಗೆ ಎತ್ತರದ ಹುಲ್ಲಿನಲ್ಲಿ ಮರಿಗಳು ಕಾಣುತ್ತಿರಲಿಲ್ಲ. ಗಡ್ಡದ ಮನುಷ್ಯನೊಬ್ಬ ಒಬ್ಬನೇ ತೆವಳುತ್ತ ಕೂಗುವುದಷ್ಟೇ ಕಾಣುತ್ತಿತ್ತು.

ಈ ದನಿಯ ಹಟ ಎಲ್ಲಿಂದ ಬಂತು ಎಂಬುದನ್ನು ಮುಂದೆ ಅಮೆರಿಕದ ಗಿಲ್ಬರ್ಟ್ ಗಾಟ್‌ಲೀಬ್ ಬಿಡಿಸಿ ತೋರಿಸಿದ. ಪೆಕಿನ್ ಮರಿಗಳು ತಾಯಿಯ ಕರೆಯನ್ನು ಎಂದೂ ಕೇಳಿರದಿದ್ದರೂ, ಹುಟ್ಟಿದ ಮೇಲೆ ಕೋಳಿಯ ಕರೆಗಿಂತ ಮಲ್ಲಾರ್ಡ್ ತಾಯಿಯ ಕರೆಯತ್ತಲೇ ಹೋಗುತ್ತವೆ. ಇದು ರಕ್ತದಲ್ಲೇ ಬಂದದ್ದು ಎಂದು ಬಿಟ್ಟುಬಿಡಬಹುದಿತ್ತು. ಗಾಟ್‌ಲೀಬ್ ಹಾಗೆ ಬಿಡದೆ, ಮೊಟ್ಟೆಯೊಳಗಿನ ಮರಿಯ ದನಿಯನ್ನೇ ಅಡಗಿಸಿ, ಅಕ್ಕಪಕ್ಕದ ಮೊಟ್ಟೆಗಳ ಸದ್ದೂ ಕೇಳದಂತೆ ಇಟ್ಟು ನೋಡಿದ. ಅಂಥ ಮರಿಗಳು ಬಾತಿನ ಕರೆಯನ್ನೂ ಕೋಳಿಯ ಕರೆಯನ್ನೂ ಬೇರ್ಪಡಿಸಲಾರದೆ ಹೋದವು. ಎಂದರೆ, ಮರಿ ಮೊಟ್ಟೆಯೊಳಗೆ ತನ್ನ ದನಿಯನ್ನೇ ಕೇಳಿ ಕಿವಿಯನ್ನು ಹದಗೊಳಿಸಿಕೊಂಡಿರುತ್ತದೆ. ನನ್ನ ಮಟ್ಟಿಗೆ ಈ ಕ್ಷೇತ್ರದ ಅತ್ಯಂತ ಸೊಗಸಾದ ಪ್ರಯೋಗ ಇದು. ಸಾಕುವವರು ಇದರಿಂದ ತಿಳಿಯಬೇಕಾದದ್ದು, ಬಾತಿನ ಲೋಕದಲ್ಲಿ ಮುಖಕ್ಕಿಂತ ಮೊದಲು ಬರುವುದು ದನಿ ಎಂಬುದು.

ಆ ಮೊದಲ ಅವಧಿ ಎಷ್ಟು ಉದ್ದ? ಎಕ್‌ಹಾರ್ಡ್ ಹೆಸ್ 1950ರ ದಶಕದಲ್ಲಿ ಮಲ್ಲಾರ್ಡ್ ಮರಿಗಳನ್ನು ಒಂದೊಂದಾಗಿ ದುಂಡನೆಯ ಓಣಿಯಲ್ಲಿ ಬಿಟ್ಟು, ದನಿ ಹೊರಡಿಸುವ ಗಂಡುಬಾತಿನ ಬೊಂಬೆಯ ಹಿಂದೆ ನಡೆಸಿದ. ಹುಟ್ಟಿದ 13ರಿಂದ 16 ಗಂಟೆಯ ನಡುವೆ ಬೊಂಬೆ ಕಂಡ ಮರಿಗಳಲ್ಲಿ ಅಚ್ಚು ಅತಿ ಗಟ್ಟಿಯಾಗಿ ಬಿದ್ದಿತ್ತು. ಮರುದಿನ ದಾಟುವ ಹೊತ್ತಿಗೆ ಅದು ತೀರ ಸಡಿಲ. ಹೊಸದನ್ನು ಕಂಡರೆ ಹೆದರುವ ಗುಣ ಆ ಹೊತ್ತಿಗೆ ತಲೆಯೆತ್ತಿರುತ್ತದೆ. ಮೊದಲ ದಿನದ ಮರಿಗೆ ನಿಮ್ಮ ಕೈ ಕುತೂಹಲ, ಮೂರನೆಯ ದಿನದ ಮರಿಗೆ ಭೀತಿ.

ಇಲ್ಲಿಗೆ ಸಂತೆಯ ಮಾತು ಸಡಿಲವಾಗುತ್ತದೆ. ಹ್ಯಾಚರಿಯಲ್ಲಿ ನೂರಾರು ಮೊಟ್ಟೆ ಒಟ್ಟಿಗೆ ಒಡೆಯುತ್ತವೆ, ಮರಿಗಳು ಒಂದರ ಮೈಗೊಂದು ತಾಗಿ ಒಣಗುತ್ತವೆ, ಪೆಟ್ಟಿಗೆಗೆ ಬೀಳುತ್ತವೆ, ಬಸ್ಸಿನಲ್ಲೋ ಟೆಂಪೊದಲ್ಲೋ ಬರುತ್ತವೆ. ನಿಮ್ಮ ಕೈಗೆ ಬರುವ ವೇಳೆಗೆ ಹೆಸ್ ಹೇಳಿದ ಗಂಟೆಗಳು ಕಳೆದು ಹೋಗಿರುತ್ತವೆ. ಅಚ್ಚು ಬಿದ್ದಿರುತ್ತದೆ, ಆದರೆ ಅದು ಒಡಹುಟ್ಟುಗಳದ್ದು. ಇದರಲ್ಲಿ ನಷ್ಟವೇನೂ ಇಲ್ಲ. ರಾಬರ್ಟ್ ಲಿಕ್‌ಲೈಟರ್ ಮತ್ತು ಗಾಟ್‌ಲೀಬ್ 1985ರಲ್ಲಿ ತೋರಿಸಿದಂತೆ, ಒಡಹುಟ್ಟುಗಳ ಒಡನಾಟವಿಲ್ಲದೆ ಬೆಳೆದ ಮರಿಗಳು ಸ್ವಂತ ಜಾತಿಯ ತಾಯಿಯ ರೂಪವನ್ನು ಆರಿಸಿಕೊಳ್ಳುವುದರಲ್ಲೇ ಸೋಲುತ್ತವೆ. ಒಡನಾಡಿಯ ಮೈಶಾಖ ಮರಿಯ ಬೆಳವಣಿಗೆಯ ಭಾಗ.

ಇನ್ನು ಮೊಟ್ಟೆಯನ್ನು ಮನೆಯಲ್ಲೇ ಕಾವು ಕೊಟ್ಟು ಒಂಟಿ ಮರಿಯನ್ನು ತಮ್ಮ ಅಚ್ಚಿಗೇ ಇಳಿಸಿಕೊಳ್ಳುತ್ತೇವೆ ಎನ್ನುವವರಿದ್ದಾರೆ. ಫ್ರೀಡ್ರಿಕ್ ಶುಟ್ಸ್ 1960ರ ದಶಕದಲ್ಲಿ ಮಲ್ಲಾರ್ಡ್ ಮರಿಗಳನ್ನು ಬೇರೆ ಜಾತಿಯ ಹಕ್ಕಿಗಳ ನಡುವೆ ಬೆಳೆಸಿ, ದೊಡ್ಡವಾದ ಮೇಲೆ ಅವು ಯಾರನ್ನು ಜೋಡಿಯಾಗಿ ಆರಿಸುತ್ತವೆಂದು ನೋಡಿದ. ಹೆಣ್ಣುಗಳು ಹೆಚ್ಚುಕಡಿಮೆ ಸ್ವಜಾತಿಗೇ ಮರಳಿದವು. ಗಂಡುಗಳಲ್ಲಿ ಬಹಳಷ್ಟು ಸಾಕಿದ ಜಾತಿಯ ಹಿಂದೆ ಬಿದ್ದವು. ಮನೆಯಲ್ಲಿ ಇದರ ಅರ್ಥವೇನೆಂದರೆ, ಮರಿಯಿದ್ದಾಗ ತೊಡೆಯೇರುತ್ತಿದ್ದ ಗಂಡುಬಾತು ಪ್ರಾಯಕ್ಕೆ ಬಂದ ಮೇಲೆ ನಿಮ್ಮ ಚಪ್ಪಲಿಯ ಮುಂದೆ ತಲೆ ಕುಣಿಸುತ್ತದೆ, ಕಾಲಿಗೆ ಏರಲು ನೋಡುತ್ತದೆ, ಮನೆಯ ಇನ್ನೊಬ್ಬರು ಹತ್ತಿರ ಬಂದರೆ ಕುಕ್ಕುತ್ತದೆ. ಹೆಣ್ಣಾದರೆ ಈ ಕಾಟ ಕಡಿಮೆ. ಆದರೆ ಒಂಟಿ ಮರಿಯ ಅಳು ಎರಡರದೂ ಒಂದೇ: ನೀವು ಕೋಣೆ ಬಿಟ್ಟರೆ ಶುರು, ಬಂದರೆ ನಿಲುಗಡೆ. ಅದನ್ನು ಪ್ರೀತಿ ಎಂದು ಕರೆಯಲು ನನಗೆ ಸಂಕೋಚ.

ಹಾಗಿದ್ದರೆ ಬಯಸಬೇಕಾದ ಪಳಗಿಕೆ ಯಾವುದು? ಕೊಯ್ಲಾದ ಭತ್ತದ ಗದ್ದೆಗಳಲ್ಲಿ ನೂರಾರು ಬಾತುಗಳನ್ನು ಒಂದಿಬ್ಬರೇ ಕೋಲು ಹಿಡಿದು ಮೇಯಿಸುವುದನ್ನು ದಕ್ಷಿಣ ಭಾರತದಲ್ಲಿ ಕಾಣಬಹುದು. ಹಿಂಡು ಕರೆಗೆ ತಿರುಗುತ್ತದೆ, ಕೋಲು ಕಂಡರೆ ಒತ್ತೊತ್ತಾಗುತ್ತದೆ. 1990ರ ದಶಕದ ಕೊನೆಗೆ ಇಂಗ್ಲೆಂಡಿನ ಸಂಶೋಧಕರು ಕುರಿನಾಯಿಯ ಕೆಲಸ ಮಾಡುವ ರೋಬಾಟ್ ಕಟ್ಟಿದಾಗ ಪರೀಕ್ಷೆಗೆ ಆರಿಸಿದ್ದು ಬಾತುಗಳನ್ನು, ಕುರಿಗಳಂತೆಯೇ ಗುಂಪುಗೂಡುತ್ತವೆ ಎಂಬ ಕಾರಣಕ್ಕೆ. ಈ ವಿಧೇಯತೆಯ ಬುಡದಲ್ಲಿರುವುದು ಅಂಜಿಕೆ. ಆ ಹಿಂಡಿನ ಬಾತು ಕೈಯಿಂದ ತಿನ್ನುವುದಿಲ್ಲ, ಮುಟ್ಟಗೊಡುವುದಿಲ್ಲ. ಮನೆಯ ಬಾತಿಗೆ ಬೇಕಾದದ್ದು ಇದರ ತಿರುವುಮುರುವು: ಹಿಂಡು ಚಿಕ್ಕದು, ಅಂಜಿಕೆ ಇನ್ನೂ ಚಿಕ್ಕದು.

ಅದು ಬರುವುದು ಮೊದಲ ನಾಲ್ಕಾರು ವಾರಗಳ ದಿನಚರಿಯಿಂದ. ಮೊದಲ ವಾರ ಮರಿಗಳಿಗೆ ಸುಮಾರು 32 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಮುಂದೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತ ಹೋದರಾಯಿತು. ಬಲ್ಬಿನ ಕೆಳಗೆ ಒಂದರ ಮೇಲೊಂದು ಬಿದ್ದು ಕೀಚಿಡುವ ಮರಿಗಳಿಗೆ ಚಳಿ, ಮೂಲೆ ಸೇರಿ ಬಾಯಿ ತೆರೆದವುಗಳಿಗೆ ಸೆಕೆ. ಆ ಹೊತ್ತಿನಲ್ಲಿ ಪಳಗಿಸಲು ಹೋಗಬಾರದು. ಕೈ ಮೇಲಿನಿಂದ ಇಳಿಯಕೂಡದು, ಹದ್ದು ಬರುವುದು ಹಾಗೆಯೇ. ನೆಲದ ಮೇಲೆ ಕೂತು, ಅಂಗೈಯನ್ನು ನೆಲಕ್ಕೆ ತಾಗಿಸಿ, ಸಣ್ಣಗೆ ಹೆಚ್ಚಿದ ಸೊಪ್ಪನ್ನೋ ಜಜ್ಜಿದ ಹಸಿಬಟಾಣಿಯನ್ನೋ ಇಟ್ಟು ಕಾಯಬೇಕು. ಮೊದಲು ಬರುವ ಮರಿ ಕತ್ತನ್ನಷ್ಟೇ ಚಾಚಿ, ಕಾಲನ್ನು ಹಿಂದೆಯೇ ಊರಿಕೊಂಡು, ಒಂದು ಚೂರು ಕಿತ್ತುಕೊಂಡು ಓಡುತ್ತದೆ. ಓಡಲಿ. ಕೈ ಅಲುಗದಿದ್ದರೆ ಎರಡನೆಯ ಸಲ ಕಾಲೂ ಮುಂದೆ ಬರುತ್ತದೆ. ಉಣಿಸುವಾಗೆಲ್ಲ ಒಂದೇ ದನಿ, ಒಂದೇ ಕರೆ ಇರಲಿ. ಎತ್ತುವಾಗ ಎರಡೂ ಕೈಯಿಂದ ರೆಕ್ಕೆ ಸೇರಿಸಿ ಮೈಯನ್ನು ಹಿಡಿದು ಪಾದಗಳಿಗೆ ಆಸರೆ ಕೊಡಬೇಕು. ಕೋಳಿಯಂತೆ ಕಾಲು ಹಿಡಿದು ತಲೆಕೆಳಗಾಗಿ ಒಯ್ದರೆ ಕಾಲು ಉಳುಕುತ್ತದೆ, ಗಳಿಸಿದ ನಂಬಿಕೆಯೂ ಅಲ್ಲಿಗೆ ಮುಗಿಯಿತು. ಸಂಜೆ ಗೂಡಿಗೆ ಅಟ್ಟಿಸಿಕೊಂಡು ಹೋಗುವುದೂ ತಪ್ಪು. ಕಾಳಿನ ಡಬ್ಬಿ ಅಲ್ಲಾಡಿಸಿದರೆ ತಾವಾಗಿ ಬರುವಂತೆ ಮರಿಯಿಂದಲೇ ರೂಢಿ ಮಾಡಿಸಬೇಕು. ದಿನವೂ ಸಂಜೆ ಬೆನ್ನಟ್ಟುವ ಮನುಷ್ಯ ಬೆಳಗ್ಗೆ ಎಷ್ಟು ಬಟಾಣಿ ಕೊಟ್ಟರೂ ಲೆಕ್ಕಕ್ಕಿಲ್ಲ.

ಆರಿಸುವಾಗಿನ ಒಂದು ಎಚ್ಚರ ಆಹಾರಕ್ಕೆ ಸಂಬಂಧಿಸಿದ್ದು. ಪೆಟ್ಟಿಗೆಯಲ್ಲಿ ಉಳಿದವೆಲ್ಲ ಚದುರಿ ಓಡುವಾಗ ಒಂದು ಮರಿ ಕೂತಲ್ಲೇ ಕೂತು ಕೈಗೆ ಸಿಕ್ಕರೆ, ಕೊಳ್ಳುವವರು ಅದನ್ನೇ ಸಾಧುವೆಂದು ಮೆಚ್ಚಿ ತರುತ್ತಾರೆ. ಅದು ಬಹುಪಾಲು ಸಾಧುವಲ್ಲ, ಕಾಯಿಲೆ. ಬಾತುಮರಿಗೆ ನಯಾಸಿನ್ ಎಂಬ ಬಿ ಜೀವಸತ್ವ ಕೋಳಿಮರಿಗಿಂತ ಹೆಚ್ಚು ಬೇಕು, ಕಿಲೋ ಆಹಾರಕ್ಕೆ ಸುಮಾರು 55 ಮಿಲಿಗ್ರಾಂ. ಬರಿಯ ಅಕ್ಕಿನುಚ್ಚಿನಲ್ಲೋ ಕೋಳಿಮರಿಯ ಆಹಾರದಲ್ಲೋ ಬೆಳೆದ ಮರಿಗೆ ಅದು ಸಾಲದೆ ಕಾಲು ಸೊಟ್ಟಗಾಗಿ ಕೀಲು ಊದುತ್ತದೆ. ಯೀಸ್ಟ್ ಬೆರೆಸಿ ಕೊಟ್ಟರೆ ತಡೆಯಬಹುದು. ಇನ್ನೊಂದು ಅಪಾಯ ಬೂಸ್ಟು. 1960ರಲ್ಲಿ ಇಂಗ್ಲೆಂಡಿನಲ್ಲಿ ಬೂಸ್ಟು ಹಿಡಿದ ಕಡಲೆಕಾಯಿ ಹಿಂಡಿ ತಿಂದು ಟರ್ಕಿ ಕೋಳಿಗಳು ಸಾವಿರಗಟ್ಟಲೆ ಸತ್ತಾಗ ಪತ್ತೆಯಾದ ಅಫ್ಲಾಟಾಕ್ಸಿನ್ ವಿಷವನ್ನು ಗುರುತಿಸಲು ವಿಜ್ಞಾನಿಗಳು ಬಳಸಿದ್ದು ಒಂದು ದಿನದ ಬಾತುಮರಿಗಳನ್ನೇ, ಅವು ಆ ವಿಷಕ್ಕೆ ಅಷ್ಟು ನಾಜೂಕು. ಹಿಂಡಿ, ತೌಡು ಹೆಚ್ಚಾಗಿ ಬಳಸುವ ನಮ್ಮಲ್ಲಿ ಮಳೆಗಾಲದ ಚೀಲವನ್ನು ಮೂಸಿ ನೋಡದೆ ಸುರಿಯಬಾರದು. ಹಾಗಾಗಿ ಕೈಗೆ ಸಿಕ್ಕಿದ ಮರಿಯನ್ನು ಬಿಟ್ಟು, ಮೊದಲು ಓಡಿ ಆಮೇಲೆ ತಿರುಗಿ ನೋಡುವ, ಕಣ್ಣು ತೇವವಾಗಿ ಹೊಳೆಯುವ, ನೆಟ್ಟಗೆ ನಿಲ್ಲುವ ಮರಿಯನ್ನು ಆರಿಸಿ.

ನೀರಿನ ಬಗ್ಗೆ ಎರಡು ಮಾತು. ಕುಡಿಯುವ ಪಾತ್ರೆ ಕಣ್ಣು, ಮೂಗಿನ ಹೊಳ್ಳೆ ಮುಳುಗಿಸಿ ತೊಳೆದುಕೊಳ್ಳುವಷ್ಟು ಆಳವಿರಲಿ. ಮರಿಗಳಿಗಾದರೆ ಕಲ್ಲುಹರಳು ಹಾಕಿ. ದೊಡ್ಡವನ್ನು ಕಡಪಕಲ್ಲಿನ ಅಂಗಳದಲ್ಲೇ ಇಟ್ಟರೆ ಪಾದದಡಿ ಹುಣ್ಣಾಗುತ್ತದೆ, ಭಾರದ ಪೆಕಿನ್‌ಗೆ ಬೇಗ. ಹಿಕ್ಕೆ ನೀರುನೀರು, ಆದ್ದರಿಂದ ಇದು ನಡುಮನೆಯ ಪ್ರಾಣಿಯಲ್ಲ. ಮುಟ್ಟಿದ ಮೇಲೆ, ಅದರಲ್ಲೂ ಮಕ್ಕಳು, ಸೋಪಿನಿಂದ ಕೈ ತೊಳೆಯಲೇಬೇಕು. ನೋಡಲು ಆರೋಗ್ಯವಾಗಿರುವ ಬಾತೂ ಸಾಲ್ಮೊನೆಲ್ಲಾ ಹೊತ್ತಿರಬಹುದು.

ನನ್ನ ತೀರ್ಮಾನ ಇಷ್ಟು: ಒಂದೇ ವಯಸ್ಸಿನ ಎರಡು ಅಥವಾ ಮೂರು ಹೆಣ್ಣುಮರಿಗಳು, ತಳಿ ಯಾವುದಾದರೂ ಆಗಲಿ. ಕ್ವಾಕ್ ಎಂದು ಬೀದಿಗೆ ಕೇಳುವಂತೆ ಕೂಗುವುದು ಹೆಣ್ಣು, ಗಂಡಿನದು ಒಡಕು ದನಿ. ಗೋಡೆಗೆ ಗೋಡೆ ತಾಗಿದ ನೆರೆಯವರನ್ನು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಗಂಡು ಬೇಕೇ ಬೇಕೆಂದರೆ ಒಂದು ಗಂಡಿಗೆ ನಾಲ್ಕೈದು ಹೆಣ್ಣಿರಲಿ. ಕೆರೆಯ ಚುಕ್ಕೆಕೊಕ್ಕಿನ ಬಾತಿನ ಮರಿಯನ್ನು ಹಿಡಿದು ತರುವ ಮಾತೇ ಬೇಡ, ಅದು ಕಾನೂನಿನ ರಕ್ಷಣೆಯಲ್ಲಿರುವ ಕಾಡುಹಕ್ಕಿ. ಸಾಕುಬಾತು ಎಂಟು ಹತ್ತು ವರ್ಷ ಬದುಕುತ್ತದೆ. ನಡುವೆ ಬೇಸರ ಬಂದರೆ ಸಾಕುವ ಇನ್ನೊಬ್ಬರಿಗೆ ಕೊಡಿ, ದಯವಿಟ್ಟು ಕೆರೆಗೆ ಬಿಡಬೇಡಿ: ಹಾರಲಾರದ ಬಾತು ಅಲ್ಲಿ ನಾಯಿಯ ಪಾಲಾಗುತ್ತದೆ, ಬದುಕಿದರೆ ಅಲ್ಲಿನ ಕಾಡುಬಾತುಗಳೊಡನೆ ಬೆರಕೆಯಾಗುತ್ತದೆ.