ನಿಧಾನ ಹಾರಾಟ: ಸಿಮ್ಯುಲೇಟರ್ ಅಭ್ಯಾಸ

ವಿಮಾನವನ್ನು ಸ್ಟಾಲ್ ವೇಗಕ್ಕಿಂತ ತುಸುವೇ ಮೇಲೆ, ಎತ್ತರವೂ ದಿಕ್ಕೂ ಕೆಡದಂತೆ ಹಾರಿಸುವ ತರಬೇತಿಗೆ ನಿಧಾನ ಹಾರಾಟ ಅಥವಾ ಸ್ಲೋ ಫ್ಲೈಟ್ ಎಂದು ಹೆಸರು. ಸ್ಟಾಲ್ ಎಂದರೆ ಎಂಜಿನ್ ನಿಲ್ಲುವುದಲ್ಲ. ಗಾಳಿಗೆ ರೆಕ್ಕೆ ಒಡ್ಡಿದ ಕೋನ ಮಿತಿಮೀರಿ, ಎತ್ತುವ ಬಲ ಕುಸಿಯುವುದು. ಇಳಿಯುವಾಗಲೂ ಏರುವಾಗಲೂ ಪ್ರತಿ ವಿಮಾನವೂ ಈ ವೇಗಗಳ ಸಮೀಪ ಬರುವುದರಿಂದ ಇದು ಪೈಲಟ್ ತರಬೇತಿಯ ಮೊದಲ ಪಾಠಗಳಲ್ಲೊಂದು.

ತತ್ವ

ವೇಗ ತಗ್ಗಿದಷ್ಟೂ ರೆಕ್ಕೆಯ ಕೋನವನ್ನು ಹೆಚ್ಚಿಸಬೇಕು; ಕೋನ ಹೆಚ್ಚಿದಂತೆ ಎಳೆತವೂ ಹೆಚ್ಚುತ್ತದೆ. ಒಂದು ಹಂತದ ಕೆಳಗೆ ಇನ್ನೂ ನಿಧಾನವಾಗಿ ಹಾರಲು ಇನ್ನೂ ಹೆಚ್ಚು ಶಕ್ತಿ ಬೇಕಾಗುತ್ತದೆ. ಇಲ್ಲಿ ವೇಗವನ್ನು ಮೂತಿಯ ಕೋನದಿಂದಲೂ ಎತ್ತರವನ್ನು ಥ್ರಾಟಲ್‌ನಿಂದಲೂ ಹಿಡಿಯುವುದು ರೂಢಿ.

ಸೆಸ್ನಾ 172ಎಸ್ ವಿಮಾನದ ಸ್ಟಾಲ್ ವೇಗ ಫ್ಲ್ಯಾಪ್ (ರೆಕ್ಕೆಯ ಹಿಂಬದಿಯಲ್ಲಿ ಇಳಿಸುವ ಪಟ್ಟಿ) ಇಲ್ಲದೆ 48 ನಾಟ್, ಪೂರ್ತಿ ಫ್ಲ್ಯಾಪ್‌ನೊಂದಿಗೆ 40 ನಾಟ್. ಎತ್ತರ ಬಿಡದೆ 45 ಡಿಗ್ರಿ ವಾಲಿಸಿದರೆ 48 ಇದ್ದದ್ದು 57 ಆಗುತ್ತದೆ. ಹಾಗಾಗಿ ಫ್ಲ್ಯಾಪ್ ಇಳಿಸದೆ 55 ನಾಟ್‌ನಲ್ಲಿ ಹಾರುತ್ತಿರುವವರು ಕಡಿದಾಗಿ ತಿರುಗಬಾರದು.

ಅಭ್ಯಾಸದ ಕ್ರಮ

ಸುತ್ತಲ ಆಕಾಶ ನೋಡಿಕೊಂಡು ಥ್ರಾಟಲ್ ಇಳಿಸುವುದು, ಮೂತಿ ನಿಧಾನವಾಗಿ ಎತ್ತುತ್ತ ಎತ್ತರ ಕಾಯುವುದು, ಹಂತಹಂತವಾಗಿ ಫ್ಲ್ಯಾಪ್ ಇಳಿಸುವುದು, ಗುರಿಯ ವೇಗ ಸಮೀಪಿಸಿದಾಗ ಥ್ರಾಟಲ್ ಮತ್ತೆ ಏರಿಸುವುದು. ಪ್ರೊಪೆಲರ್‌ನಿಂದಾಗಿ ಮೂತಿ ಎಡಕ್ಕೆ ಹೊರಳುವುದನ್ನು ಬಲ ರಡ್ಡರ್ ಒತ್ತಿ ತಡೆಯಬೇಕು. ಸ್ಟಾಲ್ ಎಚ್ಚರಿಕೆ ಮೊಳಗುತ್ತಿರುವಾಗಲೇ ಹಾರುವ ಹಳೆಯ ಪದ್ಧತಿಯನ್ನು ಅಮೆರಿಕದ ಪರೀಕ್ಷಾ ಮಾನದಂಡಗಳು 2016ರಲ್ಲಿ ಕೈಬಿಟ್ಟವು. ಎಚ್ಚರಿಕೆ ಮೊಳಗದ ವೇಗವನ್ನೇ ಈಗ ಅಲ್ಲಿ ಬಯಸುತ್ತಾರೆ.

ಬೆಂಗಳೂರು, 1990

ಈ ಪಾಠದ ಮಹತ್ವವನ್ನು ಕರ್ನಾಟಕದಲ್ಲಿ ತೋರಿಸಿಕೊಟ್ಟ ಘಟನೆ ತರಬೇತಿ ವಿಮಾನದ್ದಲ್ಲ. 1990ರ ಫೆಬ್ರುವರಿ 14ರಂದು ಬೊಂಬಾಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸ್ 605, ಏರ್‌ಬಸ್ ಎ320, ಎಚ್‌ಎಎಲ್ ನಿಲ್ದಾಣದ ರನ್‌ವೇ ತಲುಪುವ ಮುನ್ನವೇ ಗಾಲ್ಫ್ ಮೈದಾನಕ್ಕೆ ಬಡಿಯಿತು. ವಿಮಾನದಲ್ಲಿದ್ದ 146 ಜನರಲ್ಲಿ 92 ಮಂದಿ ಸತ್ತರು. ಎಂಜಿನ್‌ಗಳನ್ನು ಐಡಲ್‌ನಲ್ಲೇ ಇಟ್ಟು ಇಳಿಸುವ ಸ್ವಯಂಚಾಲಿತ ಕ್ರಮದಲ್ಲಿ ವಿಮಾನವಿತ್ತು. ಸುಮಾರು 132 ನಾಟ್ ಇರಬೇಕಿದ್ದ ವೇಗ 106ರ ಆಸುಪಾಸಿಗೆ ಕುಸಿದಿತ್ತು. 400, 300, 200 ಅಡಿಗಳ ಎತ್ತರದ ಕರೆಗಳು ಕೇಳಿಬಂದರೂ ಪೈಲಟ್‌ಗಳು ಅಪಾಯದ ಗಂಭೀರತೆ ಅರಿತು ಥ್ರಾಟಲ್ ಏರಿಸಲಿಲ್ಲ ಎಂಬುದು ತನಿಖೆಯ ಮುಖ್ಯ ನಿರ್ಣಯ. ಕೊನೆಗೆ ಏರಿಸಿದಾಗ ಸಮಯ ಮೀರಿತ್ತು. ಐಡಲ್‌ನಲ್ಲಿರುವ ಜೆಟ್ ಎಂಜಿನ್ ಪೂರ್ಣ ಶಕ್ತಿಗೆ ಬರಲು ಕೆಲವು ಸೆಕೆಂಡು ಹಿಡಿಯುತ್ತದೆ. ವಿಮಾನ ಯಾವ ಕ್ರಮದಲ್ಲಿದ್ದರೂ ವೇಗದ ಮೇಲೆ ಕಣ್ಣಿಡುವ ಅಭ್ಯಾಸವೇ ಇಲ್ಲಿ ತಪ್ಪಿತ್ತು. ಸಿಮ್ಯುಲೇಟರ್ ಚೆನ್ನಾಗಿ ಕಲಿಸಬಲ್ಲದ್ದೂ ಅದನ್ನೇ.

ಸಿಮ್ಯುಲೇಟರ್‌ನ ಬಲ, ಮಿತಿ

ಎಡ್ವಿನ್ ಲಿಂಕ್ 1929ರಲ್ಲಿ ಆರ್ಗನ್ ವಾದ್ಯದ ತಿದಿಗಳಿಂದ ರೂಪಿಸಿದ ತರಬೇತಿ ಪೆಟ್ಟಿಗೆಯಿಂದ ಹಿಡಿದು ಇಂದಿನ ಗೃಹ ಕಂಪ್ಯೂಟರ್‌ವರೆಗೆ ಸಿಮ್ಯುಲೇಟರ್‌ನ ಲಾಭ ಒಂದೇ: ಅಪಾಯವಿಲ್ಲದೆ ಎಷ್ಟು ಸಲವಾದರೂ ಮಾಡಬಹುದು. ಆದರೆ ವೇಗ ಇಳಿದಂತೆ ನಿಜ ವಿಮಾನದ ಕಂಟ್ರೋಲ್‌ಗಳು ಸಡಿಲವಾಗುತ್ತವೆ. ಮನೆಯ ಸಾಧಾರಣ ಜಾಯ್‌ಸ್ಟಿಕ್‌ನ ಬಿಗಿ ಬದಲಾಗುವುದಿಲ್ಲ. ಆಸನದ ನಡುಕವೂ ತಿಳಿಯದು. ಸ್ಟಾಲ್ ದಾಟಿದ ಮೇಲಿನ ವರ್ತನೆಯನ್ನು ಅಗ್ಗದ ಸಾಫ್ಟ್‌ವೇರ್ ಎಷ್ಟು ಸರಿಯಾಗಿ ತೋರಿಸುತ್ತದೆ ಎಂಬುದರಲ್ಲಿ ಎಚ್ಚರ ಬೇಕು.

ಕರ್ನಾಟಕದ ಅಭ್ಯಾಸಿಗಳಿಗೆ

ರಾಜ್ಯ ಸರ್ಕಾರದ ವೈಮಾನಿಕ ತರಬೇತಿ ಶಾಲೆ ಬೆಂಗಳೂರಿನ ಜಕ್ಕೂರಿನಲ್ಲಿದೆ. ಅಲ್ಲಿಂದ ದೂರದ ದಾವಣಗೆರೆಯಂಥ ಊರಿಗೆ ವಿಮಾನ ನಿಲ್ದಾಣವೂ ಇಲ್ಲ. ಹತ್ತಿರದ ಶಿವಮೊಗ್ಗ ನಿಲ್ದಾಣ ಉದ್ಘಾಟನೆಯಾದದ್ದು 2023ರ ಫೆಬ್ರುವರಿಯಲ್ಲಿ. ದಾವಣಗೆರೆಯ ವಿದ್ಯಾನಗರದಂಥ ಬಡಾವಣೆಯ ವಿದ್ಯಾರ್ಥಿಗೆ ಮನೆಯ ಸಿಮ್ಯುಲೇಟರೇ ಮೊದಲ ಮೆಟ್ಟಿಲಾಗಬಹುದು. ಅಂಥವರು ಸಮುದ್ರಮಟ್ಟದ ನಿಲ್ದಾಣದ ಬದಲು ಸುಮಾರು 3000 ಅಡಿ ಎತ್ತರದ ಜಕ್ಕೂರನ್ನು ಆರಿಸಿಕೊಳ್ಳುವುದು ಒಳಿತು. ಅಲ್ಲಿಂದ ಇನ್ನೂ 3000 ಅಡಿ ಏರಿ ಅಭ್ಯಾಸ ಮಾಡುವಾಗ ಮಾಪಕ 50 ನಾಟ್ ತೋರಿಸಿದರೂ ನಿಜವಾದ ವಾಯುವೇಗ ಸುಮಾರು 55 ಇರುತ್ತದೆ. ತಿರುವಿನ ವ್ಯಾಸ ಅದಕ್ಕೆ ತಕ್ಕಂತೆ ಹಿಗ್ಗುತ್ತದೆ.

ಕಣ್ಣಿನ ಶಿಸ್ತು ಮತ್ತು ಕೈಯ ಕ್ರಮ ಮನೆಯಲ್ಲೇ ಬರುತ್ತವೆ. ರಡ್ಡರ್ ಮೇಲಿನ ಕಾಲಿಗೆ ಬೋಧಕರ ಪಕ್ಕದ ಆಸನವೇ ಬೇಕು. ಗೃಹ ಕಂಪ್ಯೂಟರ್‌ನಲ್ಲಿ ಕಳೆದ ಗಂಟೆಗಳು ಪೈಲಟ್ ಪರವಾನಗಿಯ ಲೆಕ್ಕಕ್ಕೆ ಸೇರುವುದಿಲ್ಲ.